ಹತ್ತು ತಿಂಗಳ ಅಡ್ವಾನ್ಸು ಯಾಕೆ ಕೇಳುತ್ತಾರೆ ಅಂದರೆ

ಪುಣೆಯಲ್ಲಿ ನಾನು ಬಾಡಿಗೆದಾರ, ಹುಬ್ಬಳ್ಳಿಯಲ್ಲಿ ಅಪ್ಪ ಮನೆ ಮಾಲೀಕ. ಹಾಗಾಗಿ ಗೆಳೆಯರು ಮಾಲೀಕರನ್ನೆಲ್ಲ ಒಟ್ಟಿಗೆ ಬಯ್ಯುವಾಗ ಅರ್ಧ ತಲೆಯಾಡಿಸಿ ಸುಮ್ಮನಾಗುತ್ತಿದ್ದೆ. ಇನ್ನು ಸುಮ್ಮನಿರಲಾರೆ.

ಅಮ್ಮನ ಚಿಕಿತ್ಸೆಗೆಂದು ಇಬ್ಬರನ್ನೂ ಇಲ್ಲಿಗೆ ಕರೆತಂದಾಗ ಹುಬ್ಬಳ್ಳಿಯ ಮನೆಯನ್ನು 11 ತಿಂಗಳ ಕರಾರಿಗೆ ಕೊಟ್ಟೆವು. ಚಿಕಿತ್ಸೆ ಮುಗಿಯಿತು, ಕರಾರೂ ಮುಗಿಯಿತು. ಬಾಡಿಗೆಯವರು ಹೊರಡಲಿಲ್ಲ, ಬಾಡಿಗೆಯೂ ನಿಂತಿತು. ಈಗ ನಾಲ್ಕನೇ ವರ್ಷ. “ನನ್ನ ಮನಿಗಿ ನಾ ಹೋಗಾಕ ಯಾರ ಅಪ್ಪಣಿ ಬೇಕೋ ತಮ್ಮಾ?” ಎನ್ನುತ್ತಾರೆ ಅಪ್ಪ. ವಯಸ್ಸು 78.

1999ರ ಕರ್ನಾಟಕ ಬಾಡಿಗೆ ಕಾಯ್ದೆ, ಊರಿಗೆ ತಕ್ಕಂತೆ, ತಿಂಗಳಿಗೆ 3500 ಇಲ್ಲವೇ 2000 ರೂಪಾಯಿ ದಾಟಿದ ಮನೆಗಳಿಗೆ ಅನ್ವಯಿಸುವುದಿಲ್ಲ. ಇವತ್ತು ಆ ಬಾಡಿಗೆಗೆ ಯಾವ ಮನೆ ಸಿಗುತ್ತದೆ? ಹಾಗಾಗಿ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಮಿನಡಿ 15 ದಿನದ ನೋಟಿಸು, ನಂತರ ಸಿವಿಲ್ ದಾವೆ.

ಅಲ್ಲಿ ಗಡುವುಗಳೇ ಇಲ್ಲ ಅಂದುಕೊಳ್ಳಬೇಡಿ. ಸಿವಿಲ್ ಪ್ರಕ್ರಿಯಾ ಸಂಹಿತೆ ಪ್ರಕಾರ ಪ್ರತಿವಾದಿ 30 ದಿನದಲ್ಲಿ, ತಡವಾದರೆ 90 ದಿನದೊಳಗೆ ಉತ್ತರ ಸಲ್ಲಿಸಬೇಕು. ವಿಚಾರಣೆಯಲ್ಲಿ ಒಬ್ಬರಿಗೆ ಮೂರಕ್ಕಿಂತ ಹೆಚ್ಚು ಸಲ ಮುಂದೂಡಿಕೆ ಕೊಡುವಂತಿಲ್ಲ. ನಮ್ಮ ಕೇಸಿನಲ್ಲಿ ಸಮನ್ಸು ‘ಬಾಗಿಲು ಹಾಕಿದೆ’ ಎಂದು ಎರಡು ಸಲ ವಾಪಸು ಬಂತು. ಆಮೇಲೆ ವಕೀಲರು ಬದಲಾದರು, ಹೊಸ ವಕೀಲರಿಗೆ ಜ್ವರ ಬಂತು, ನ್ಯಾಯಾಧೀಶರಿಗೆ ವರ್ಗವಾಯಿತು. ಮುಂದೂಡಿಕೆಯ ಲೆಕ್ಕ ಇಡುವುದನ್ನು ಹನ್ನೊಂದಕ್ಕೆ ಬಿಟ್ಟೆ. (ನನ್ನ ಟೀಮಿನಲ್ಲಿ ಯಾರಾದರೂ ಹೀಗೆ ಡೇಟು ಜಾರಿಸಿದ್ದರೆ ನನ್ನ ಕೆಲಸವೇ ಹೋಗುತ್ತಿತ್ತು.) ಡಿಕ್ರಿ ಆದರೂ ಮೇಲ್ಮನವಿ, ತಡೆಯಾಜ್ಞೆ ಇವೆ. ಅವೂ ಮುಗಿದ ಮೇಲೆ ಅಮಲ್ಜಾರಿ ಅರ್ಜಿ, ಅದೇ ಇನ್ನೊಂದು ಕೇಸು.

‘ಬಡ ಬಾಡಿಗೆದಾರನಿಗೆ ರಕ್ಷಣೆ ಬೇಡವೇ?’ ಬೇಕು. ನೀರು, ಕರೆಂಟು ಕಡಿದು ಸಾಮಾನು ಬೀದಿಗೆಸೆಯುವ ಮಾಲೀಕನಿಗೆ ಶಿಕ್ಷೆಯಾಗಲಿ. ಆದರೆ ಈ ವಿಳಂಬ ಬಡವನನ್ನು ಕಾಯುತ್ತಿಲ್ಲ. ಅವನು ಮಾಲೀಕ ಗದರಿದ ವಾರವೇ ಖಾಲಿ ಮಾಡುತ್ತಾನೆ. ವರ್ಷಗಟ್ಟಲೆ ವಕೀಲರ ಫೀಸು ಕಟ್ಟುವ ತಾಕತ್ತಿದ್ದವನೇ ಕೂರುತ್ತಾನೆ. ಅವನ ಬಾಕಿಯನ್ನು ತೀರಿಸುತ್ತಿರುವವರು ನೀವು, ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸು ಹೊಂದಿಸಲು ಸಾಲ ಮಾಡುವ ಹುಡುಗ ಹುಡುಗಿಯರು. 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಬೇಡ ಎನ್ನುತ್ತದೆ; ಬಾಡಿಗೆ ಕೋರ್ಟು 60 ದಿನದಲ್ಲಿ ಪ್ರಕರಣ ಮುಗಿಸಲಿ ಎಂದೂ ಹೇಳುತ್ತದೆ. ಎರಡನೆಯದು ಆಗದೆ ಮೊದಲನೆಯದಕ್ಕೆ ನಮ್ಮಪ್ಪನಂಥ ಮಾಲೀಕರು ಇನ್ನು ಒಪ್ಪುವುದಿಲ್ಲ.

ಪುಣೆಯ ನನ್ನ ಮಾಲೀಕರು ಎರಡೇ ತಿಂಗಳ ಠೇವಣಿಗೆ ಮನೆ ಕೊಟ್ಟರು. ಮಹಾರಾಷ್ಟ್ರದಲ್ಲಿ ಲೀವ್ ಅಂಡ್ ಲೈಸೆನ್ಸ್ ಕರಾರು ಮುಗಿದರೆ ಅವರು ಸಿವಿಲ್ ದಾವೆ ಹೂಡಬೇಕಿಲ್ಲ, ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಸಮನ್ಸು ಬಂದ 30 ದಿನದೊಳಗೆ ನಾನು ಕಾರಣ ಕೊಟ್ಟು ಅನುಮತಿ ಕೇಳದಿದ್ದರೆ ವಾದಿಸುವಂತಿಲ್ಲ. ಅವಧಿ ಮೀರಿ ಕೂತಷ್ಟು ದಿನ ದುಪ್ಪಟ್ಟು ಬಾಡಿಗೆ. ಅಲ್ಲೂ ಫೈಲು ನಿಧಾನವಾಗಬಹುದು. ಆದರೂ ಈ ಕಾನೂನಿನಿಂದ ಬಾಡಿಗೆದಾರನಾದ ನನಗೆ ಯಾವ ಅನ್ಯಾಯವೂ ಆಗಿಲ್ಲ.

ನಮ್ಮಲ್ಲೂ ಕನಿಷ್ಠ ಇಷ್ಟಾಗಲಿ: ದಾವೆ ಹೂಡಿದ ತಿಂಗಳಿಂದ ಬಾಡಿಗೆಯನ್ನು ಕೋರ್ಟಿನಲ್ಲಿ ಕಟ್ಟಿದವನಿಗೆ ಮಾತ್ರ ಮುಂದೂಡಿಕೆ ಸಿಗಲಿ. ನಮ್ಮ ಬಾಡಿಗೆಯವರು ಇನ್ನೂ ಒಂದು ಪೈಸೆ ಕಟ್ಟಿಲ್ಲ. ಮುಂದಿನ ತಾರೀಖು ಬೇಸಿಗೆ ರಜೆ ಕಳೆದ ಮೇಲೆ.