ಮೊಮ್ಮಗನ ಕಾರ್ಟೂನೂ ರನ್ನನ ಗದಾಯುದ್ಧವೂ



ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಅವನಿಗೀಗ ನಲವತ್ತೈದು ದಾಟಿದೆ, ದಾವಣಗೆರೆಯಲ್ಲಿ ಸಂಸಾರ. "ಸಾರ್, ಮಗ ಈ ಸಲ ಎಸ್ಸೆಸ್ಸೆಲ್ಸಿ. ಓದೋದು ಬಿಟ್ಟು ಜಪಾನಿನ ಕಾರ್ಟೂನು ನೋಡ್ತಾನೆ. ನೋಡಿದ್ದು ಸಾಲದು ಅಂತ ಅದರ ಮೇಲೆ ಗೆಳೆಯರ ಜೊತೆ ಗಂಟೆಗಟ್ಟಲೆ ಚರ್ಚೆ ಬೇರೆ. ನೀವೊಂದು ಬುದ್ಧಿಮಾತು ಹೇಳಿ ಸಾರ್, ನಿಮ್ಮ ಮಾತಾದರೆ ಕೇಳ್ತಾನೆ" ಎಂದ. ಕೆಲವು ವರ್ಷಗಳ ಹಿಂದೆ ಕೇಳಿದ್ದರೆ ಆ ಹುಡುಗನನ್ನು ಆ ಕ್ಷಣವೇ ಕರೆಸಿ ಗದರಿಸಿಬಿಡುತ್ತಿದ್ದೆ. ಈಗ ನನ್ನಿಂದ ಅದಾಗದು. ಏಕೆಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

2023ರ ದಸರಾ ರಜೆಗೆ ಮೊಮ್ಮಗ ಬೆಂಗಳೂರಿನಿಂದ ಹಿರಿಯೂರಿಗೆ ಬಂದಿದ್ದ. ಶುಕ್ರವಾರ ಸಂಜೆಯಾದರೆ ಅವನಿಗೆ ಊಟ ಬೇಡ, ಮಾತು ಬೇಡ, ಕೈಯಲ್ಲಿ ಮೊಬೈಲು. ಅರ್ಧ ಗಂಟೆ ಕಳೆದ ಮೇಲೆ ಜಗಲಿಗೆ ಬಂದು ಗೆಳೆಯರೊಡನೆ ಫೋನಿನಲ್ಲಿ ವಾಗ್ವಾದ. ಜಪಾನಿನವರು ಇಂಥ ಚಿತ್ರಕಥೆಗಳನ್ನು ಅನಿಮೆ ಎನ್ನುತ್ತಾರೆ, ಅವಕ್ಕೆ ಆಧಾರವಾದ ಪುಸ್ತಕಗಳಿಗೆ ಮಾಂಗಾ ಎಂದು ಹೆಸರು ಎಂಬುದು ನನಗೆ ಅವನಿಂದಲೇ ತಿಳಿಯಿತು. (ತೊಂಬತ್ತರ ದಶಕದಲ್ಲಿ ಭಾನುವಾರದ ಬೆಳಿಗ್ಗೆ ದೂರದರ್ಶನದ ಮುಂದೆ ಕುಳಿತು ಮೋಗ್ಲಿಯ 'ಜಂಗಲ್ ಬುಕ್' ನೋಡಿದವರು ನಿಮ್ಮಲ್ಲಿ ಎಷ್ಟೋ ಮಂದಿ ಇದ್ದೀರಿ. ಅದೂ ಜಪಾನಿನಲ್ಲಿ ತಯಾರಾದದ್ದೇ. ಆದ್ದರಿಂದ ಮಕ್ಕಳನ್ನು ಬೈಯುವ ಮುನ್ನ ಸ್ವಲ್ಪ ಯೋಚಿಸಿ.)

ಆಗ ಪ್ರಸಾರವಾಗುತ್ತಿದ್ದ ಆ ಕಥೆಯ ಹೆಸರು 'ಫ್ರೀರೆನ್'. ಮೊದಲ ನಾಲ್ಕು ಕಂತುಗಳು ಸೆಪ್ಟೆಂಬರ್ ಕೊನೆಯಲ್ಲಿ ಒಂದೇ ರಾತ್ರಿ ಬಂದವು, ಆಮೇಲೆ ವಾರಕ್ಕೊಂದು. 2024ರ ಮಾರ್ಚ್ ಹೊತ್ತಿಗೆ 28 ಕಂತುಗಳಾದವು. ಗೆಳೆಯನ ತಕರಾರು ಇಷ್ಟು: ನಾಲ್ವರು ಹತ್ತು ವರ್ಷ ಅಲೆದು ರಾಕ್ಷಸರಾಜನನ್ನು ಕೊಂದರಂತೆ, ಆದರೆ ಆ ಯುದ್ಧವನ್ನೇ ತೋರಿಸದೆ ಅವರು ಗೆದ್ದು ಊರಿಗೆ ಮರಳುವಲ್ಲಿಂದ ಕಥೆ ಆರಂಭವಾಗುತ್ತದಲ್ಲ, ಮುಗಿದುಹೋದ ಕಥೆಯಲ್ಲಿ ಇನ್ನೇನು ಕುತೂಹಲ ಉಳಿದೀತು? ನನ್ನ ಮೊಮ್ಮಗ ಬಿಡಲಿಲ್ಲ. "ಯುದ್ಧ ಕಥೆಯೇ ಅಲ್ಲ ಕಣೋ. ಅವಳು ಆ ಹತ್ತು ವರ್ಷ ಏನನ್ನು ನೋಡಲಿಲ್ಲವೋ ಅದೇ ಕಥೆ" ಎಂದ.

ಕೈಯಲ್ಲಿದ್ದ ಪತ್ರಿಕೆಯನ್ನು ಮಡಿಸಿಟ್ಟೆ.

ನನ್ನ ಬಳಿ ಕನ್ನಡ ಕಲಿತವರಿಗೆಲ್ಲ ನೆನಪಿರಬಹುದು. 'ರನ್ನನ ಗದಾಯುದ್ಧದ ವೈಶಿಷ್ಟ್ಯವೇನು?' ಎಂಬುದು ಎರಡು ಅಂಕದ ಪ್ರಶ್ನೆ. 'ಸಿಂಹಾವಲೋಕನ ಕ್ರಮ' ಎಂಬುದು ಉತ್ತರ. ಸಿಂಹವು ನಡೆಯುತ್ತ ನಡೆಯುತ್ತ ಹಿಂದಿರುಗಿ ನೋಡುವಂತೆ, ಯುದ್ಧದ ಕೊನೆಯಲ್ಲಿ ನಿಂತು ಇಡೀ ಭಾರತವನ್ನು ಹಿಂದಿರುಗಿ ನೋಡುವುದು. ಎಲ್ಲರೂ ಬರೆದಿರಿ, ಎಲ್ಲರಿಗೂ ಎರಡು ಅಂಕ ಕೊಟ್ಟೆ. ಆದರೆ ಹತ್ತನೆಯ ಶತಮಾನದ ಆ ಕವಿ ಹಾಗೇಕೆ ಮಾಡಿದ, ಪಂಪನು ಮೊದಲಿನಿಂದ ಹೇಳಿದ ಕಥೆಯನ್ನು ಇವನೇಕೆ ಕೊನೆಯಿಂದ ಹಿಡಿದ ಎಂದು ನಾನು ನಿಮ್ಮನ್ನು ಕೇಳಲೇ ಇಲ್ಲ.

ಕೇಳಿದವನು ಒಬ್ಬನಿದ್ದ. 1991ರ ಸುಮಾರು, ಕಿಟಕಿಯ ಪಕ್ಕದ ಬೆಂಚಿನ ಹುಡುಗ, ಹೆಸರು ಬರೆಯುವುದಿಲ್ಲ. "ಸಾರ್, ಎಲ್ಲರೂ ಸತ್ತಮೇಲೆ ಶುರು ಮಾಡಿದ್ರೆ ಏನು ಮಜಾ ಸಾರ್?" ಎಂದು ಎದ್ದು ನಿಂತು ಕೇಳಿದ. ತರಗತಿ ಗೊಳ್ಳೆಂದು ನಕ್ಕಿತು. "ಕೂತ್ಕೊಳೋ, ಅದೆಲ್ಲ ಪರೀಕ್ಷೆಗೆ ಬರಲ್ಲ" ಎಂದು ಕೂರಿಸಿದೆ. ಆ ವರ್ಷ ಅವನು ಇನ್ನೊಂದು ಪ್ರಶ್ನೆ ಕೇಳಿದ ನೆನಪಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಅದೇ ಪ್ರಶ್ನೆ, ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ, ನನ್ನ ಮನೆಯ ಜಗಲಿಯ ಮೇಲೆ ಕೇಳಿಬಂತು. ಈ ಸಲ ಅದನ್ನು ಕೂರಿಸಲು ಮೇಷ್ಟರು ಇರಲಿಲ್ಲ; ಆದ್ದರಿಂದ ಚರ್ಚೆ ಒಂದು ಗಂಟೆ ನಡೆಯಿತು.

ಆ ರಾತ್ರಿ ಮೊಮ್ಮಗನ ಪಕ್ಕ ಕುಳಿತು ಮೊದಲ ಕಂತನ್ನು ನೋಡಿದೆ. ಫ್ರೀರೆನ್ ಮನುಷ್ಯಳಲ್ಲ, ಸಾವಿರ ವರ್ಷ ಮೀರಿ ಬದುಕುವ ಕುಲದ ಮಾಂತ್ರಿಕಳು. ಹತ್ತು ವರ್ಷದ ಸಹವಾಸ ಅವಳಿಗೊಂದು ವಾರವಿದ್ದಂತೆ. ಗೆದ್ದು ಬಂದ ರಾತ್ರಿ ನಾಲ್ವರೂ ಉಲ್ಕಾವೃಷ್ಟಿ ನೋಡುತ್ತಾರೆ. ಅದು ಐವತ್ತು ವರ್ಷಕ್ಕೊಮ್ಮೆ ಬರುವಂಥದು. ಮುಂದಿನ ಸಲ ಇನ್ನೂ ಚೆನ್ನಾಗಿ ಕಾಣುವ ಜಾಗಕ್ಕೆ ಕರೆದೊಯ್ಯುತ್ತೇನೆಂದು ಹೇಳಿ ಅವಳು ಹೊರಟುಹೋಗುತ್ತಾಳೆ. ಕೆಲವೇ ನಿಮಿಷಗಳಲ್ಲಿ ಐವತ್ತು ವರ್ಷ ಕಳೆದಿರುತ್ತದೆ. ಮರಳಿ ಬಂದಾಗ ವೀರ ಹಿಮ್ಮೆಲ್ ತಲೆ ಬೋಳಾದ ಮುದುಕ. ಹೇಳಿದಂತೆ ಎಲ್ಲರೂ ಹೋಗಿ ಉಲ್ಕೆಗಳನ್ನು ನೋಡುತ್ತಾರೆ. ಸ್ವಲ್ಪ ಕಾಲದಲ್ಲೇ ಅವನು ತೀರಿಕೊಳ್ಳುತ್ತಾನೆ. ಇವನನ್ನು ಅರಿಯಲು ನಾನೇಕೆ ಪ್ರಯತ್ನಿಸಲಿಲ್ಲ ಎಂದು ಅವಳು ಅಳುವುದು ಶವಸಂಸ್ಕಾರದ ಹೊತ್ತಿನಲ್ಲಿ. ಅನಂತರ ಅವಳು ಹಳೆಯ ದಾರಿಯನ್ನೇ ಹಿಡಿದು, ಊರೂರಿನಲ್ಲಿ ನಿಂತಿರುವ ಅವನ ಪ್ರತಿಮೆಗಳನ್ನು ನೋಡುತ್ತ, ಒಂದೊಂದನ್ನೇ ನೆನೆಯುತ್ತ ನಡೆಯುತ್ತಾಳೆ. ನನಗೆ ಕಂಡವನು ರಣರಂಗದಲ್ಲಿ ಸಂಜಯನೊಡನೆ ನಡೆಯುವ ದುರ್ಯೋಧನ. ದ್ರೋಣ, ಅಭಿಮನ್ಯು, ದುಶ್ಶಾಸನ, ಕರ್ಣ ಎಂದು ಒಬ್ಬೊಬ್ಬರ ಕಳೇಬರದ ಮುಂದೆಯೂ ಅವನು ನಿಲ್ಲುತ್ತಾನೆ. ಗೆಲುವು ಸೋಲು ಮುಗಿದ ಮೇಲೆಯೇ ಅವನಿಗೆ ಅವರ ಮುಖ ಕಾಣುವುದು. ಇಡೀ ವೃತ್ತಿಜೀವನದಲ್ಲಿ ಪಾಠ ಮಾಡಿದ ಕಾವ್ಯ ನನಗೆ ಅರ್ಥವಾದದ್ದು ನಿವೃತ್ತಿಯ ಬಳಿಕ, ಒಂದು ಮೊಬೈಲಿನಲ್ಲಿ.

ಇನ್ನೊಂದು ಕಾರಣವೂ ಇದೆ. ನಮ್ಮ ಮಾರಿಕಣಿವೆ 1933ರಲ್ಲಿ ಕೋಡಿ ಬಿದ್ದಾಗ ನನ್ನ ತಂದೆಗೆ ಎಂಟು ವರ್ಷ. ಅವರಪ್ಪನ ಹೆಗಲ ಮೇಲೆ ಕುಳಿತು ನೋಡಿದ್ದರಂತೆ. "ಇನ್ನೊಂದು ಸಲ ತುಂಬಲಿ, ನಿನ್ನನ್ನೂ ಕರ್ಕೊಂಡು ಹೋಗ್ತೀನಿ" ಎಂದು ನನಗೆ ಹೇಳುತ್ತಲೇ ಇದ್ದರು. ಬರಗಾಲದ ವರ್ಷಗಳಲ್ಲಿ ಆ ಮಾತಿಗೆ ನಾನು ನಕ್ಕದ್ದುಂಟು. ಅವರು 1998ರಲ್ಲಿ ಹೋದರು. 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ಮೇಲೆ, ನೀರು 130 ಅಡಿ ಮುಟ್ಟಿ ಕೋಡಿ ಹರಿಯಿತು. ಜಾತ್ರೆಯಂತೆ ಸೇರಿದ್ದ ಜನರ ನಡುವೆ ನಾನು ಒಬ್ಬನೇ ಹೋಗಿ ನಿಂತಿದ್ದೆ. ಐವತ್ತು ವರ್ಷವನ್ನು ಕೆಲವೇ ನಿಮಿಷಗಳಲ್ಲಿ ದಾಟಿಸಿದ್ದು ಅವಸರವಾಯಿತೆಂದು ಮೊಮ್ಮಗನ ಇನ್ನೊಬ್ಬ ಗೆಳೆಯ ವಾದಿಸುತ್ತಿದ್ದ. ಅದು ಅವಸರವಲ್ಲ ಮಗೂ, ಅದು ಹಾಗೆಯೇ ಹೋಗುತ್ತದೆ ಎಂದು ನಾನು ಫೋನಿನೊಳಗೇ ಕೂಗಿ ಹೇಳಿದೆ. ಆ ಕಡೆ ಕ್ಷಣಕಾಲ ಮೌನ, ಬಳಿಕ "ಹೂ ಈಸ್ ದಿಸ್?" ಎಂಬ ಪ್ರಶ್ನೆ!

ನೋಡಿದ್ದೆಲ್ಲವನ್ನೂ ಹೊಗಳುವ ಮುದುಕನೆಂದು ಭಾವಿಸಬೇಡಿ. ಹದಿನೆಂಟನೆಯ ಕಂತಿನಿಂದ ಕೊನೆಯವರೆಗೆ ಮಾಂತ್ರಿಕರ ಪರೀಕ್ಷೆಯದೇ ಪ್ರಕರಣ. ಜೀವಮಾನವೆಲ್ಲ ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಣೆ ಮಾಡಿದವನಿಗೆ ಅಲ್ಲಿಯೂ ಪರೀಕ್ಷೆಯೇ? ಹಿಂದಿರುಗಿ ನೋಡುವ ಸಿಂಹವನ್ನು ಕಥೆಗಾರರು ಅಲ್ಲಿ ಬಹಳ ಹೊತ್ತು ಕಟ್ಟಿಹಾಕಿದರೆಂಬುದು ನನ್ನ ಅಭಿಪ್ರಾಯ. ಮೊಮ್ಮಗ ಇದನ್ನು ಒಪ್ಪಿಲ್ಲ. "ನಿಮಗೆ ಹೊಸ ಪಾತ್ರಗಳು ಬಂದರೆ ತಾಳ್ಮೆ ಇಲ್ಲ ತಾತ" ಎನ್ನುತ್ತಾನೆ. ಪುಸ್ತಕದಲ್ಲಿ ಚಿಕ್ಕದಾಗಿದ್ದ ಕೆಲವು ಕಾದಾಟಗಳನ್ನು ಚಿತ್ರದಲ್ಲಿ ಹಿಗ್ಗಿಸಿದ್ದಾರೆಂದು ಮಾಂಗಾ ಓದಿದವರ ದೂರು ಬೇರೆ ಇದೆಯಂತೆ.

ಈ ದೂರು ಕೇಳಿದಾಗ ಮಾತ್ರ ನಗು ತಡೆಯಲಾಗಲಿಲ್ಲ. 1972ರ ಕೊನೆಯಲ್ಲಿ 'ನಾಗರಹಾವು' ತೆರೆಕಂಡಾಗ ನಾನು ಹನ್ನೆರಡರ ಹುಡುಗ. ತ.ರಾ.ಸು. ನಮ್ಮ ದುರ್ಗದವರು, ಕೋಟೆ ನಮ್ಮದು. ಜಗಳವಾಡಲು ಅಷ್ಟು ಸಾಲದೇ? ಮೂರು ಕಾದಂಬರಿಗಳನ್ನು ಪುಟ್ಟಣ್ಣ ಕಣಗಾಲರು ಒಂದೇ ಚಿತ್ರಕ್ಕೆ ಇಳಿಸಿದ್ದು ಸರಿಯೇ, ಚಾಮಯ್ಯ ಮೇಷ್ಟರು ಸಾಯಲೇಬೇಕಿತ್ತೇ ಎಂದು ಹೋಟೆಲಿನ ಬೆಂಚುಗಳ ಮೇಲೆ ದಿನಗಟ್ಟಲೆ ವಾದ ನಡೆಯುತ್ತಿತ್ತು. ನಾಗರಹಾವು ಕೇರೆಹಾವಾಯಿತೆಂದು ಸ್ವತಃ ತ.ರಾ.ಸು. ಅವರೇ ಮುನಿಸಿಕೊಂಡದ್ದನ್ನು ಜನ ಇಂದಿಗೂ ಹೇಳುತ್ತಾರೆ. ಆ ಬೆಂಚುಗಳ ಮೇಲಿದ್ದವರಲ್ಲಿ ಏಳನೆಯ ತರಗತಿ ದಾಟದವರೇ ಹೆಚ್ಚು. ಅವರಾಡಿದ ಮಾತು ನಾನು ಬಿ.ಎಡ್.ನಲ್ಲಿ ಕಲಿತ ಪದ್ಯಬೋಧನೆಯ ಹಂತಗಳಿಗಿಂತ ಕಾವ್ಯಕ್ಕೆ ಹತ್ತಿರವಿತ್ತು.

ನನಗಿರುವ ಚಿಂತೆ ಬೇರೊಂದು. ಈ ಮಕ್ಕಳ ವಾದವೆಲ್ಲ ಬಹುಪಾಲು ಇಂಗ್ಲಿಷಿನಲ್ಲಿ. 2025ರ ಸೆಪ್ಟೆಂಬರಿನಲ್ಲಿ 'ಡೀಮನ್ ಸ್ಲೇಯರ್' ಚಲನಚಿತ್ರ ನಮ್ಮ ದೇಶದ ಚಿತ್ರಮಂದಿರಗಳಿಗೆ ಬಂದಾಗ ಹಿಂದಿ, ತಮಿಳು, ತೆಲುಗು ದನಿಗಳಿದ್ದವು. ಕನ್ನಡದ ದನಿ ಇರಲಿಲ್ಲ. ಕಥೆ ಕನ್ನಡದಲ್ಲಿ ಬಾರದಿದ್ದರೆ ಕಥೆಯ ಕುರಿತ ಮಾತು ಕನ್ನಡದಲ್ಲಿ ಎಲ್ಲಿಂದ ಬಂದೀತು? ಫ್ಲ್ಯಾಶ್‌ಬ್ಯಾಕಿಗೆ ನಮ್ಮಲ್ಲಿ ಸಾವಿರ ವರ್ಷದ ಹಿಂದೆಯೇ ಸಿಂಹಾವಲೋಕನವಿತ್ತು ಎಂದು ಮೊಮ್ಮಗನಿಗೆ ಹೇಳಿದೆ. ಅವನಿಗೆ ಆ ಸಿಂಹ ಬಹಳ ಹಿಡಿಸಿತು. ಈಗ ಅವನ ಗೆಳೆಯರ ಬಳಗದಲ್ಲಿ 'ಸಿಂಹ ತಿರುಗಿತು' ಎಂದರೆ ಹಳೆಯ ನೆನಪಿನ ದೃಶ್ಯ ಬಂತೆಂದೇ ಅರ್ಥ. ರನ್ನ ಒಪ್ಪುತ್ತಿದ್ದನೋ ಇಲ್ಲವೋ, ನಾನಂತೂ ಒಪ್ಪಿದ್ದೇನೆ.

ಕಿಟಕಿಯ ಪಕ್ಕದ ಆ ಹುಡುಗ ಇದನ್ನು ಓದುತ್ತಿದ್ದರೆ, ಅಂದಿನ ಪ್ರಶ್ನೆಗೆ ಮೇಷ್ಟರು ತಡವಾಗಿ ಉತ್ತರ ಬರೆದಿದ್ದಾರೆಂದು ತಿಳಿಯಲಿ. ಸರಿಯೋ ತಪ್ಪೋ ಅವನೇ ಹೇಳಲಿ.

ಇನ್ನು ದಾವಣಗೆರೆಯ ನನ್ನ ಶಿಷ್ಯನ ವಿಚಾರ. "ಬುದ್ಧಿಮಾತು ಆಮೇಲೆ ಹೇಳೋಣಪ್ಪ, ಮೊದಲು ನಿನ್ನ ಮಗ ನೋಡ್ತಿರೋ ಕಥೆ ಯಾವುದು, ಅದರಲ್ಲಿ ಅವನ ತಕರಾರು ಏನು, ಹೇಳು" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತಿಲ್ಲ ಸಾರ್, ಕೇಳಿ ಹೇಳ್ತೀನಿ" ಎಂದ. ಇನ್ನೂ ಹೇಳಿಲ್ಲ.