ನೋಟು ಬರಲಿಲ್ಲ, ಖಾತೆ ಕರಗಿತು!

ಕಾಲೇಜು ಶುಲ್ಕ ಕಟ್ಟಲು ನಾಳೆಯೇ ಕೊನೆಯ ದಿನ. ಎಟಿಎಂನಲ್ಲಿ 5,000 ರೂಪಾಯಿ ಕೇಳಿದರೆ ನೋಟು ಬರಲಿಲ್ಲ. ಖಾತೆಯಲ್ಲಿ ಮಾತ್ರ ಕಡಿತ! ಇದು ಹೇಗೆ?

ಎಟಿಎಂ ಒಂದು ಬ್ಯಾಂಕಿನದು, ಖಾತೆ ಇನ್ನೊಂದರಲ್ಲಿ ಎಂದುಕೊಳ್ಳಿ. ಎರಡೂ ಬ್ಯಾಂಕುಗಳ ಕಂಪ್ಯೂಟರುಗಳು ಪರಸ್ಪರ ಮಾತನಾಡಬೇಕು. ಆದರೆ ಅವಕ್ಕೆ ಊಹಿಸಲು ಬಾರದು. ಅದಕ್ಕೇ ಬ್ಯಾಂಕಿನ ಚಲನ್‌ನಲ್ಲಿರುವಂತೆ ಯಾವ ವಿವರ ಯಾವ ಅಂಕಣದಲ್ಲಿರಬೇಕೆಂದು ಐಎಸ್‌ಒ 8583 ಎಂಬ ಅಂತರರಾಷ್ಟ್ರೀಯ ಮಾನಕ 1987ರಲ್ಲೇ ಗೊತ್ತುಮಾಡಿತು. ಮೊದಲ ನಾಲ್ಕು ಅಂಕಿ ಸಂದೇಶದ ಬಗೆಯನ್ನು ಹೇಳುತ್ತವೆ: 0200 ಎಂದರೆ ಹಣದ ಕೋರಿಕೆ, 0210 ಅದಕ್ಕೆ ಉತ್ತರ. ನಾಲ್ಕನೆಯ ಅಂಕಣದಲ್ಲಿ ಮೊತ್ತ, ಅದೂ ಪೈಸೆಯಲ್ಲಿ, 12 ಅಂಕಿಗಳಲ್ಲಿ. 5,000 ರೂಪಾಯಿ ಅಲ್ಲಿ 000000500000! ಉತ್ತರದ 39ನೆಯ ಅಂಕಣದಲ್ಲಿ 00 ಇದ್ದರೆ ಒಪ್ಪಿಗೆ. 51 ಇದ್ದರೆ ಖಾತೆಯಲ್ಲಿ ಹಣ ಸಾಲದು.

ಖಾತೆಯಿಂದ ಹಣ ಕಳೆದ ಮೇಲೆ ಈ ಉತ್ತರ ದಾರಿಯಲ್ಲೇ ತಪ್ಪಿಹೋದರೆ? ನಿಗದಿತ ಸಮಯ ಕಾದ ಎಟಿಎಂ ಕಡೆಯ ಕಂಪ್ಯೂಟರು 0420 ಕಳಿಸುತ್ತದೆ. ‘ಹಿಂದಿನದನ್ನು ರದ್ದು ಮಾಡಿ’ ಎಂದು ಅದರ ಅರ್ಥ. ಅದು ತಲುಪಿದರೆ ಹಣ ಖಾತೆಗೆ ಮರಳುತ್ತದೆ.

ಐದು ದಿನಗಳಲ್ಲಿ ಮರಳದಿದ್ದರೆ, ರಿಸರ್ವ್ ಬ್ಯಾಂಕಿನ 2019ರ ಆದೇಶದಂತೆ ನಂತರದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರವುಂಟು. ಎಟಿಎಂ ಚೀಟಿಯನ್ನು ಜೋಪಾನವಾಗಿಟ್ಟು, ಖಾತೆಯಿರುವ ಬ್ಯಾಂಕಿಗೇ ದೂರು ಕೊಡಿ. ಶುಲ್ಕದ ಹಣ ತೆಗೆಯುವುದನ್ನು ಮಾತ್ರ ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ.