ಯಂತ್ರವು ಕೈಬಿಟ್ಟಾಗ

2020ರಲ್ಲಿ ಬೀದರಿನಿಂದ ನಾಗರಿಕ ವಿಮಾನ ಸಂಚಾರವು ಆರಂಭವಾದ ಮೇಲೆ ಬಸವಕಲ್ಯಾಣ, ಹುಮನಾಬಾದುಗಳ ಜನರಿಗೂ ವಿಮಾನಯಾನವು ದೂರದ ಮಾತಾಗಿ ಉಳಿದಿಲ್ಲ. ಆದುದರಿಂದ ವಿಮಾನವನ್ನು ನಡೆಯಿಸುವವನು ಚಾಲಕನೋ ಯಂತ್ರವೋ ಎಂಬ ಪ್ರಶ್ನೆಯು ನಮ್ಮದೂ ಆಗಿದೆ.

ಆಟೋಪೈಲಟ್ ಎಂಬ ಸ್ವಯಂಚಾಲಕ ಯಂತ್ರವು ಚಾಲಕನ ಶ್ರಮವನ್ನು ಹಗುರಗೊಳಿಸುವುದು ನಿಜ. ಆದರೆ ಅದು ಅಕಸ್ಮಾತ್ತಾಗಿ ಕೈಬಿಟ್ಟೊಡನೆ, ಅದುವರೆಗೆ ನೋಡುತ್ತ ಕುಳಿತವನು ಕ್ಷಣಮಾತ್ರದಲ್ಲಿ ನಡೆಯಿಸುವವನಾಗಬೇಕಾಗುತ್ತದೆ. 2009ರ ಜೂನ್ 1ರಂದು ಅಟ್ಲಾಂಟಿಕ್ ಸಾಗರದ ಮೇಲೆ ಏರ್ ಫ್ರಾನ್ಸ್ ವಿಮಾನದ ವೇಗವನ್ನಳೆಯುವ ನಳಿಕೆಗಳಲ್ಲಿ ಹಿಮಗಟ್ಟಿ ಆಟೋಪೈಲಟ್ ಕಳಚಿಕೊಂಡಿತು. ವಿಮಾನದ ಮೂತಿಯನ್ನು ಮೇಲೆತ್ತಲಾಯಿತು; ರೆಕ್ಕೆಗಳು ಎತ್ತುವ ಬಲವನ್ನು ಕಳೆದುಕೊಂಡವು. ಎಚ್ಚರಿಕೆಯ ಧ್ವನಿಯು ಮೊಳಗುತ್ತಿದ್ದರೂ ಚಾಲಕರು ಪರಿಸ್ಥಿತಿಯನ್ನು ಅರಿಯದೆ ಹೋದರು. ಐದು ನಿಮಿಷಗಳೊಳಗೆ 228 ಮಂದಿ ಜಲಸಮಾಧಿಯಾದರು.

ನಮ್ಮ ನಾಡೂ ಇದಕ್ಕೆ ಹತ್ತಿರದ ದುಃಖವನ್ನು ಕಂಡಿದೆ. 1990ರ ಫೆಬ್ರವರಿ 14ರಂದು ಬೆಂಗಳೂರಿನಲ್ಲಿ ಇಳಿಯುತ್ತಿದ್ದ ಇಂಡಿಯನ್ ಏರ್‌ಲೈನ್ಸ್ ವಿಮಾನದಲ್ಲಿ ಸ್ವಯಂಚಾಲಕ ವ್ಯವಸ್ಥೆಯು ಎಂಜಿನುಗಳನ್ನು ಮಂದಗತಿಯಲ್ಲಿಯೇ ಇರಿಸಿತ್ತು. ವೇಗವು ಕುಗ್ಗಿದುದು ಚಾಲಕರ ಅರಿವಿಗೆ ಬರುವಷ್ಟರಲ್ಲಿ ಕಾಲ ಮಿಂಚಿತ್ತು. ಅದರಲ್ಲಿದ್ದ 146 ಜನರಲ್ಲಿ 92 ಮಂದಿ ಮಡಿದರು.

ಯಂತ್ರವನ್ನು ಹಳಿಯುವುದು ಅವಿವೇಕ. ಅದರಿಂದ ಉಳಿದ ಪ್ರಾಣಗಳೂ ಅಸಂಖ್ಯ. ಆದರೆ ಯಂತ್ರವು ಈಗ ಏನು ಮಾಡುತ್ತಿದೆ, ಅದು ತಪ್ಪಿದರೆ ತಾನೇನು ಮಾಡಬೇಕು ಎಂಬೆರಡು ವಿಚಾರಗಳು ಚಾಲಕನ ಮನಸ್ಸಿನಲ್ಲಿ ಸದಾ ಜಾಗೃತವಾಗಿರಬೇಕು. ಅಭ್ಯಾಸವಿಲ್ಲದ ಕೈಗೆ ಆಪತ್ಕಾಲದಲ್ಲಿ ಚಳಕವು ಬಾರದು. ಚಾಲಕರು ತಮ್ಮ ಕೈಯಿಂದಲೇ ವಿಮಾನವನ್ನು ನಡೆಯಿಸುವ ಅಭ್ಯಾಸವನ್ನೂ, ಅಕಸ್ಮಾತ್ತಾಗಿ ಯಂತ್ರವು ಕಳಚಿಕೊಳ್ಳುವ ಪ್ರಸಂಗಗಳನ್ನು ಸಿಮ್ಯುಲೇಟರಿನಲ್ಲಿ ಎದುರಿಸುವ ತರಬೇತಿಯನ್ನೂ ವೆಚ್ಚದ ನೆಪದಿಂದ ಮೊಟಕುಗೊಳಿಸಲು ಯಾವ ಕಂಪೆನಿಗೂ ಸರ್ಕಾರವು ಅವಕಾಶ ಕೊಡಕೂಡದು. ಪ್ರಯಾಣಿಕನು ಟಿಕೆಟಿನೊಡನೆ ತನ್ನ ಪ್ರಾಣವನ್ನೂ ಒಪ್ಪಿಸುತ್ತಾನೆ. ಅದರ ಹೊಣೆಯು ಮನುಷ್ಯನದೇ.